ಮೆಲನೋಮಾ: ಮಾತ್ರೆಗಿಂತ ಮೊದಲು ಜೀನ್ ಪರೀಕ್ಷೆ



ಅಂಗಾಲಿನಲ್ಲೋ ಉಗುರಿನಡಿಯಲ್ಲೋ ಕಪ್ಪು ಮಚ್ಚೆ ಕಂಡರೆ "ಏನೋ ತಗುಲಿರಬೇಕು, ಹೋಗುತ್ತೆ ಬಿಡಿ" ಎನ್ನುತ್ತೇವೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಭಾರತೀಯರಲ್ಲಿ ಅಪರೂಪವಾದರೂ, ಬಂದಾಗ ಅನೇಕರಿಗೆ ಇಂಥ ಜಾಗದಲ್ಲೇ ಬರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಬಂದದ್ದು ಇದೇ. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು 36.

ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯೇ ಸಾಕಾಗಬಹುದು. ಶ್ವಾಸಕೋಶ, ಲಿವರ್, ಮೆದುಳಿಗೆ ಹರಡಿದ್ದರೂ ಇಂದು ಚಿಕಿತ್ಸೆಯ ದಾರಿಗಳಿವೆ.

*ಗುರಿಯಿಟ್ಟ ಔಷಧ ಎಂದರೇನು?*
ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದಕ್ಕೆ ಸ್ವಿಚ್‌ನಂಥ ಜೀನ್‌ಗಳಿವೆ. ಬಿಆರ್‌ಎಎಫ್ ಅವುಗಳಲ್ಲೊಂದು. ಅದು ಕೆಟ್ಟರೆ ಸ್ವಿಚ್ ಆಫ್ ಆಗುವುದೇ ಇಲ್ಲ. ಪಾಶ್ಚಾತ್ಯರ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ದೋಷವಿದೆ. ಅಂಗಾಲು, ಉಗುರಿನ ಬಗೆಯಲ್ಲಿ ಕಡಿಮೆ. ಈ ದೋಷವನ್ನೇ ತಡೆಯುವ ವೆಮುರಾಫೆನಿಬ್ ಮಾತ್ರೆಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್‌ನಂಥ ಜೋಡಿ ಔಷಧ ಕೊಡುತ್ತಾರೆ. ಈ ಜೋಡಿಯಿಂದ ಚಿಕಿತ್ಸೆ ಶುರುಮಾಡಿದ 563 ಜನರಲ್ಲಿ 100ಕ್ಕೆ 34 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಗಡ್ಡೆ ಬೇಗ ಕರಗಬಹುದು, ಆದರೆ ಹಲವರಲ್ಲಿ ಒಂದು ವರ್ಷದ ಆಸುಪಾಸಿನಲ್ಲಿ ಮತ್ತೆ ಬೆಳೆಯುತ್ತದೆ ಎಂಬುದೂ ತಿಳಿದಿರಲಿ.

*ಪರೀಕ್ಷೆ ಏಕೆ ಮೊದಲು?*
ಬಿಆರ್‌ಎಎಫ್ ದೋಷವಿಲ್ಲದ ಗಡ್ಡೆಗೆ ಬಿಆರ್‌ಎಎಫ್ ತಡೆಯುವ ಮಾತ್ರೆ ಕೊಟ್ಟರೆ ಅದು ಇನ್ನೂ ಬೆಳೆಯುವ ಅಪಾಯವಿದೆ. "ಪಕ್ಕದ ಮನೆಯವರಿಗೆ ಗುಣವಾಯಿತಂತೆ" ಎಂದು ಅದೇ ಮಾತ್ರೆ ಕೇಳಬೇಡಿ. ದೋಷ ಕಿಟ್ ಎಂಬ ಜೀನ್‌ನಲ್ಲಿದ್ದರೆ ಕೆಲವರಿಗೆ ಇಮಾಟಿನಿಬ್ ಒಗ್ಗುತ್ತದೆ.

*ವೈದ್ಯರನ್ನು ಕೇಳಿ*
1. ಬಿಆರ್‌ಎಎಫ್, ಕಿಟ್ ಪರೀಕ್ಷೆ ಆಗಿದೆಯೇ?
2. ಮೊದಲು ಇಮ್ಯುನೋಥೆರಪಿಯೋ, ಮಾತ್ರೆಯೋ? ಬಿಆರ್‌ಎಎಫ್ ದೋಷವಿದ್ದವರಲ್ಲೇ ನಡೆದ ಒಂದು ಅಧ್ಯಯನದಲ್ಲಿ, ಮೊದಲು ಎರಡು ಔಷಧಗಳ ಇಮ್ಯುನೋಥೆರಪಿ ಪಡೆದವರಲ್ಲಿ 100ಕ್ಕೆ 72, ಮೊದಲು ಮಾತ್ರೆ ಪಡೆದವರಲ್ಲಿ 52 ಮಂದಿ ಎರಡು ವರ್ಷದ ನಂತರ ಬದುಕಿದ್ದರು. ಆದರೆ ಕಾಯಿಲೆ ವೇಗವಾಗಿ ಏರುತ್ತಿದ್ದರೆ ವೈದ್ಯರು ಮಾತ್ರೆಯನ್ನೇ ಮೊದಲು ಆರಿಸಬಹುದು.
3. ಒಟ್ಟು ಖರ್ಚೆಷ್ಟು, ನೆರವಿನ ಯೋಜನೆ ಇದೆಯೇ?

*ಮಾತ್ರೆ ಶುರುವಾದ ಮೇಲೆ*
ಡಾಬ್ರಾಫೆನಿಬ್ ಜೋಡಿಯನ್ನು ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ಇದರಲ್ಲಿ ಚಳಿಜ್ವರ ಬರುವುದು ಸಾಮಾನ್ಯ. ಪ್ಯಾರಾಸಿಟಮಾಲ್ ನುಂಗಿ ಸುಮ್ಮನಾಗದೆ ಕೂಡಲೇ ವೈದ್ಯರಿಗೆ ತಿಳಿಸಿ. ಕಣ್ಣು ಮಂಜಾದರೆ, ಉಸಿರು ಕಟ್ಟಿದರೆ ತಡಮಾಡಬೇಡಿ.

*ಮುಂಬೈಯವರಿಗೆ ಒಂದು ಮಾತು*
ಪರೇಲಿನ ಟಾಟಾ ಆಸ್ಪತ್ರೆಗೆಂದು ಊರಿನಿಂದ ನೆಂಟರು ಹೊರಟಿದ್ದರೆ, ಬಯಾಪ್ಸಿ ವರದಿಯ ಜೊತೆಗೆ ಅದರ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಅಲ್ಲಿನ ಲ್ಯಾಬ್‌ನಿಂದ ಕೇಳಿ ತರಲು ಹೇಳಿ. ಜೀನ್ ಪರೀಕ್ಷೆ ನಡೆಯುವುದು ಆ ತುಣುಕಿನ ಮೇಲೆಯೇ. ಅದಿಲ್ಲದಿದ್ದರೆ ಮತ್ತೆ ಬಯಾಪ್ಸಿ ಮಾಡಿಸಬೇಕಾಗಬಹುದು, ದಿನಗಳು ವ್ಯರ್ಥವಾಗುತ್ತವೆ.

ಇಂದು ರಾತ್ರಿ ಕಾಲು ತೊಳೆಯುವಾಗ ಅಂಗಾಲನ್ನೊಮ್ಮೆ ನೋಡಿಕೊಳ್ಳಿ. ಮನೆಯ ಹಿರಿಯರದನ್ನೂ ನೋಡಿ. ಹರಡುತ್ತಿರುವ, ಬಣ್ಣ ಬದಲಾಗುತ್ತಿರುವ ಮಚ್ಚೆಯಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಉಪಯುಕ್ತವೆನಿಸಿದರೆ ನಿಮ್ಮ ಬಳಗಕ್ಕೂ ಕಳುಹಿಸಿ. 🙏