ಮಳೆಗಾಲದಲ್ಲಿ ಕೊಟ್ಟಿಗೆ ಮತ್ತು ಹಾಲಿನ ಪಾತ್ರೆಗಳ ಶುಚಿತ್ವ



ಕಳೆದ ಪುಷ್ಯ ಮಳೆಯಲ್ಲಿ ನಾರ್ವೆಯ ಸದಸ್ಯರೊಬ್ಬರ ಮನೆಗೆ ಹೋಗಿದ್ದೆ. "ಡಾಕ್ಟ್ರೇ, ಗೋಬರ್ ಗ್ಯಾಸ್ ಒಲೆ ಸರಿಯಾಗಿ ಉರಿಯುತ್ತಿಲ್ಲ, ಹಾಲು ವಾಸನೆ ಎಂದು ಸಂಘದಲ್ಲಿ ಎರಡು ದಿನ ಹಿಂದಕ್ಕೆ ಕೊಟ್ಟರು, ಹಸುವಿಗೆ ಏನೋ ಆಗಿರಬೇಕು" ಎಂದರು. ಹಸುವನ್ನು ಪರೀಕ್ಷಿಸಿದೆ. ಜ್ವರವಿಲ್ಲ, ಕೆಚ್ಚಲು ಮೆತ್ತಗಿದೆ, ಮೇವು ತಿನ್ನುತ್ತಿದೆ. ಆದರೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿದಿತ್ತು. ನೊಣ ಮತ್ತು ಪಾಚಿಯ ಕಾಟ ತಾಳಲಾರದೆ ಮನೆಯ ಅಮ್ಮನವರು ಹಾಲು ಕರೆಯುವ ಮುನ್ನ ಎರಡು ಹೊತ್ತೂ ಫಿನಾಯಿಲ್ ಸುರಿದು ತೊಳೆಯುತ್ತಿದ್ದರು.

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಒಂದು ದೂರಿಗೆ ಇದೇ ಕಾರಣ. ಇನ್ನು ಗ್ಯಾಸಿನ ವಿಷಯ. ಗುಂಡಿಯೊಳಗೆ ಸಗಣಿಯಿಂದ ಗ್ಯಾಸ್ ಮಾಡುವವು ಕಣ್ಣಿಗೆ ಕಾಣದ ಜೀವಾಣುಗಳು. ಫಿನಾಯಿಲ್ ಇರುವುದೇ ಜೀವಾಣುಗಳನ್ನು ಕೊಲ್ಲಲು. ನೆಲದ ಮೇಲಿರುವುದು ಕೆಟ್ಟದ್ದು, ಗುಂಡಿಯಲ್ಲಿರುವುದು ಒಳ್ಳೆಯದು ಎಂಬ ಭೇದ ಅದಕ್ಕೆ ತಿಳಿಯದು. ಸಾಲದೆಂಬಂತೆ ತೊಳೆದ ನೀರೆಲ್ಲ ಗುಂಡಿಗೇ ಹರಿಯುತ್ತಿತ್ತು. ಸಗಣಿಗೆ ಸಮಪ್ರಮಾಣದ ನೀರು ಸಾಕು, ಹೆಚ್ಚಾದರೆ ಗ್ಯಾಸ್ ಕುಗ್ಗುತ್ತದೆ. ಮಳೆಗಾಲದ ಚಳಿಯಲ್ಲಂತೂ ಅದು ಮೊದಲೇ ಕಡಿಮೆ. ಫಿನಾಯಿಲ್ ನಿಲ್ಲಿಸಿದ ಮೇಲೆ ಹಾಲಿನ ದೂರು ಎರಡೇ ದಿನದಲ್ಲಿ ನಿಂತಿತು. ಒಲೆ ಮೊದಲಿನಂತೆ ಉರಿಯಲು ತಿಂಗಳ ಮೇಲಾಯಿತು.

ಹಾಗಾದರೆ ಕೊಟ್ಟಿಗೆ ತೊಳೆಯುವುದು ಹೇಗೆ? ಮೊದಲು ನೀರನ್ನು ಮರೆಯಿರಿ. ನಮ್ಮ ಕಡೆ ಆರಿದ್ರಾ ಮಳೆ ಹಿಡಿದರೆ ತಿಂಗಳುಗಟ್ಟಲೆ ನೆಲ ಆರುವುದಿಲ್ಲ. ಅಂಥ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದರೆ ಪಾಚಿಗೂ ರೋಗಾಣುವಿಗೂ ನಾವೇ ಅನುಕೂಲ ಮಾಡಿಕೊಟ್ಟಂತೆ. ಸಗಣಿಯನ್ನು ಒಣದಾಗಿ ಬಾಚಿ ತೆಗೆದು, ಕಡ್ಡಿ ಪೊರಕೆಯಿಂದ ಗಂಜಲವನ್ನು ಚರಂಡಿಗೆ ತಳ್ಳಿ, ಆಮೇಲೆ ಸ್ವಲ್ಪ ನೀರಿನಲ್ಲಿ ಉಜ್ಜಿ. ನೆಲಕ್ಕೆ ನಾಲ್ಕು ಅಡಿಗೆ ಒಂದು ಇಂಚಿನಷ್ಟು ಇಳಿಜಾರಿದ್ದರೆ ಗಂಜಲ ತಾನೇ ಹರಿಯುತ್ತದೆ. ಇಳಿಜಾರಿಲ್ಲದ ಕೊಟ್ಟಿಗೆಗೆ ಯಾವ ಔಷಧಿ ಸುರಿದರೂ ದಂಡ. ಬ್ಲೀಚಿಂಗ್ ಪುಡಿಯೂ ಅಷ್ಟೇ. ಸಗಣಿಯ ಮೇಲೆ ಉದುರಿಸಿದರೆ ಅದರ ಶಕ್ತಿ ಸಗಣಿಯಲ್ಲೇ ಮುಗಿದುಹೋಗುತ್ತದೆ. ಅದನ್ನು ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ಗಂಜಲ ನಿಂತ ಜಾಗಕ್ಕೂ ಹಾಕಬೇಡಿ. ಏಳುವ ಗಾಳಿ ನಿಮ್ಮ ಎದೆಗೂ ಹಸುವಿನ ಎದೆಗೂ ಕೇಡು.

ನಮ್ಮಲ್ಲಿ ಅಡಿಕೆಗೆ ಬೋರ್ಡೋ ಹೊಡೆಯಲು ಸುಣ್ಣ ತರದ ಮನೆಯಿಲ್ಲ. ಅದರಲ್ಲೇ ಒಂದಿಷ್ಟನ್ನು ಮಳೆ ಹಿಡಿಯುವ ಮುಂಚೆ ಗೋಡೆಗೂ ಗೋದಲಿಯ ಹೊರಮೈಗೂ ಬಳಿಯಿರಿ. ಹೊಸದಾಗಿ ಅರಳಿಸಿದ ಸುಣ್ಣವೇ ಆಗಬೇಕು. ಚೀಲ ಬಿಚ್ಚಿ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಶಾಲೆಯ ಸೀಮೆಸುಣ್ಣದಂತಾಗಿರುತ್ತದೆ, ರೋಗಾಣುವನ್ನು ಕೊಲ್ಲದು. ಹಸು ಮಲಗುವ ಜಾಗಕ್ಕೆ ಸುಣ್ಣದ ಪುಡಿ ದಪ್ಪಗೆ ಎರಚಿದರೆ ಮೊಲೆತೊಟ್ಟಿನ ಚರ್ಮ ಸುಟ್ಟು ಬಿರಿಯುತ್ತದೆ. ಬಿರುಕು ಬಿಟ್ಟ ತೊಟ್ಟು ಕೆಚ್ಚಲು ಬಾವಿಗೆ ದಾರಿ. ಹಾಸಲು ಒಣಗಿದ ಅಡಿಕೆ ಸಿಪ್ಪೆಯೋ ಭತ್ತದ ಹೊಟ್ಟೋ ಆಗಬಹುದು, ಒದ್ದೆಯಾದದ್ದನ್ನು ಮಾತ್ರ ಅಂದಂದೇ ತೆಗೆಯಬೇಕು.

ಹಾಸಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಬೇಸಿಗೆಯಲ್ಲಿ ಕಾಡಿನ ಒಣ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು ನಮ್ಮ ಪದ್ಧತಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಕೊಪ್ಪ, ನರಸಿಂಹರಾಜಪುರ ಕಡೆಯೂ ಜೀವ ತೆಗೆದಿದೆ. ಅದನ್ನು ಹರಡುವ ಉಣುಗು ಇರುವುದು ಇದೇ ದರಗಿನಲ್ಲಿ. ಮಂಗ ಸತ್ತ ಕಾಡಿನ ದರಗು ತರಲೇಬೇಡಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಲೇಬೇಕಾದಾಗ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ.

ಇನ್ನು ಹಾಲಿನ ಪಾತ್ರೆ. ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರು ಇರುವುದು ಮಲೆನಾಡಿನವರ ಭಾಗ್ಯ. ಆದರೆ ಹಾಲು ಅಂಟಿದ ಪಾತ್ರೆಗೆ ಮೊದಲೇ ಕುದಿನೀರು ಹಾಕಬೇಡಿ, ಹಾಲಿನ ಅಂಶ ಬೆಂದು ಕಚ್ಚಿಕೊಳ್ಳುತ್ತದೆ. ಬರಬರುತ್ತಾ ಅದು ಹಳದಿ ಗಾರೆಯಂತೆ ಗಟ್ಟಿಯಾಗಿ, ಅದರೊಳಗೆ ರೋಗಾಣು ಮನೆ ಮಾಡುತ್ತದೆ. ಮೊದಲು ತಣ್ಣೀರಿನಲ್ಲಿ ಗಲಬರಿಸಿ. ನಂತರ ಹತ್ತು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಬ್ರಷ್‌ನಿಂದ ಒಳಮೈ, ಕಂಠ, ಮುಚ್ಚಳದ ಅಂಚು ಉಜ್ಜಿ. ಕೊನೆಗೆ ಎರಡು ಸಲ ಶುದ್ಧ ನೀರು, ಆಮೇಲೆ ಕುದಿನೀರು. ಸೋಡಾ ಉಳಿಯಬಾರದು. ಉಳಿದರೆ ಹುಳಿ ಮುಚ್ಚಲು ಹಾಲಿಗೆ ಸೋಡಾ ಬೆರೆಸಿದ್ದಾರೆಂದು ಪರೀಕ್ಷೆಯಲ್ಲಿ ಕಾಣಬಹುದು, ಪ್ರಾಮಾಣಿಕರಿಗೂ ಅಪವಾದ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ, ಅದನ್ನು ಸೋಡಾದಲ್ಲಿ ನೆನೆಹಾಕಬೇಡಿ. ಬೂದಿಯಿಂದ ಹೊರಮೈ ಬೆಳಗಲು ಅಡ್ಡಿಯಿಲ್ಲ, ಒಳಮೈಗೆ ಬೇಡ, ಅದರ ಗೀರಿನಲ್ಲಿ ಹಾಲು ಕೂರುತ್ತದೆ. ತೊಳೆದ ಪಾತ್ರೆಯನ್ನು ನೆಲದ ಮೇಲೆ ಬೋರಲು ಹಾಕದೆ ಅಡ್ಡಪಟ್ಟಿಯ ಮೇಲೆ ಗಾಳಿಯಾಡುವಂತೆ ಇಡಿ. ಸೋಸುವ ಬಟ್ಟೆ ಎರಡಿರಲಿ, ದಿನವೂ ಕುದಿಸಿ. ಒಲೆಯ ಮೇಲೆ ಒಣಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಉಳಿದ ಬಟ್ಟೆ, ಗೋಣಿ, ನೆಲ ತೊಳೆಯಲು ಅಂಟುವಾಳ ಕಾಯಿಯ ನೊರೆ ಚೆನ್ನಾಗಿದೆ. ಹಿತ್ತಲಲ್ಲಿ ಸಿಗುತ್ತದೆ ಎಂದು ಹಳ್ಳಕ್ಕೆ ಮಾತ್ರ ಸುರಿಯಬೇಡಿ, ಅದು ಮೀನನ್ನು ಕೊಲ್ಲುತ್ತದೆ. ಹಿತ್ತಲಿನದೆಲ್ಲ ನಿರುಪದ್ರವಿಯಲ್ಲ.

ಫಿನಾಯಿಲ್, ಬ್ಲೀಚಿಂಗ್ ಪುಡಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಹಸು ಕಂದು ಹಾಕಿದಾಗ, ಕರು ಬೇಧಿಯಿಂದ ಸತ್ತಾಗ ಅವು ಬೇಕು. ಆಗ ವೈದ್ಯರನ್ನು ಕೇಳಿ ಬಳಸಿ, ಅಂದಿನ ನೀರನ್ನು ಗ್ಯಾಸ್ ಗುಂಡಿಗೆ ಬಿಡಬೇಡಿ. ಕಾಲುಬಾಯಿ ರೋಗ ಬಂದಾಗ ಕೊಟ್ಟಿಗೆಯ ನೆಲಕ್ಕೆ ಅದೇ ವಾಷಿಂಗ್ ಸೋಡಾ ಸಾಕು. ಆಗ ಲೀಟರಿಗೆ 40 ಗ್ರಾಂ ಹಾಕಬೇಕು.