ಸಿರಾ ವೈನ್: ಕಡಲ ತಂಪು, ದಖ್ಖನ್ನಿನ ಚಳಿಗಾಲ

ಸಿರಾ ಕೆಂಪು ವೈನಿಗೆ ಬಳಸುವ ಕಪ್ಪು ದ್ರಾಕ್ಷಿಯ ತಳಿ. ಇದರ ತವರು ಫ್ರಾನ್ಸಿನ ರೋನ್ ನದಿಯ ಕಣಿವೆ. ಇರಾನಿನ ಶಿರಾಜ್ ನಗರದಿಂದ ಬಂದದ್ದೆಂಬ ಕಥೆ ಬಹುಕಾಲ ನಡೆದಿತ್ತು. 1998ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕರೋಲ್ ಮೆರೆಡಿತ್ ಮತ್ತು ಫ್ರೆಂಚ್ ಸಂಶೋಧಕರ ಡಿಎನ್‌ಎ ಪರೀಕ್ಷೆ ಅದನ್ನು ಅಲ್ಲಗಳೆಯಿತು. ದ್ಯುರೇಜಾ, ಮಾಂಡ್ಯೂಸ್ ಬ್ಲಾಂಶ್ ಎಂಬ ಫ್ರಾನ್ಸಿನದೇ ಎರಡು ತಳಿಗಳ ಸಂಕರದಿಂದ ಸಿರಾ ಹುಟ್ಟಿದೆ. ಆಸ್ಟ್ರೇಲಿಯಾದಲ್ಲೂ ಭಾರತದಲ್ಲೂ ಇದು ಸಾಮಾನ್ಯವಾಗಿ ಶಿರಾಜ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ.

ಬೆಳೆದ ಜಾಗದ ಬಿಸಿಯನ್ನು ಇಷ್ಟು ಸ್ಪಷ್ಟವಾಗಿ ಹೇಳಿಬಿಡುವ ತಳಿಗಳು ಕಡಿಮೆ. ಬಿಸಿ ನಾಡಿನ ಶಿರಾಜ್ ದಪ್ಪ, ಸಿಹಿ ಸೋಕಿದ ರುಚಿ. ಜ್ಯಾಮಿನ, ಚಾಕೊಲೇಟಿನ ವಾಸನೆ. ಮದ್ಯಸಾರ ಎಷ್ಟೋ ಸಲ ಶೇ 14.5 ದಾಟುತ್ತದೆ. ತಂಪು ಕಡಲ ತೀರದ ಸಿರಾದಲ್ಲಿ ಮದ್ಯಸಾರ ಶೇ 13ರ ಆಸುಪಾಸು, ಹುಳಿ ಚುರುಕು. ಲೋಟವನ್ನು ಮೂಗಿನ ಬಳಿ ತಂದರೆ ಮೊದಲು ತಟ್ಟುವುದು ಆಗತಾನೇ ಕುಟ್ಟಿದ ಕರಿಮೆಣಸು. ಹಿಂದೆಯೇ ಹೊಗೆಯಾಡಿಸಿದ ಮಾಂಸ, ಉಪ್ಪಿನಲ್ಲಿಟ್ಟ ಆಲಿವ್ ಕಾಯಿ, ಒಂದಿಷ್ಟು ಹೂವಿನ ಕಂಪು.

ಮೆಣಸಿನ ಘಾಟಿಗೆ ಕಾರಣ ರೊಟಂಡೋನ್ ಎಂಬ ರಾಸಾಯನಿಕ. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಇದನ್ನು ಗುರುತಿಸಿದರು. ಕರಿಮೆಣಸಿನ ಘಮದಲ್ಲಿ ಇರುವುದೂ ಇದೇ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಐವರಲ್ಲಿ ಒಬ್ಬರಿಗೆ ಇದರ ವಾಸನೆಯೇ ಹತ್ತುವುದಿಲ್ಲ. ಹಾಗಾಗಿ ಒಂದೇ ಬಾಟಲಿ ಹಂಚಿಕೊಂಡವರು ಮೆಣಸಿದೆ, ಇಲ್ಲ ಎಂದು ವಾದಿಸಿದರೆ ಇಬ್ಬರದೂ ನಿಜವಿರಬಹುದು. ರೊಟಂಡೋನ್ ಕೂಡುವುದು ಹಣ್ಣಿನ ಸಿಪ್ಪೆಯಲ್ಲಿ, ಕಾಯಿ ಬಣ್ಣ ತಿರುಗಿದ ಮೇಲೆ. ಆ ವಾರಗಳಲ್ಲಿ ಗೊಂಚಲು ಕಾದಷ್ಟೂ ಅದು ತಗ್ಗುತ್ತದೆ, ತಂಪಾಗಿ ನೆರಳಲ್ಲಿದ್ದಷ್ಟೂ ಹೆಚ್ಚುತ್ತದೆ.

ಈ ತಂಪನ್ನು ಕ್ಯಾಲಿಫೋರ್ನಿಯಾದ ಸೊನೋಮಾ ತೀರಕ್ಕೆ ಒದಗಿಸುವುದು ಶಾಂತಸಾಗರದ ತಣ್ಣೀರು. ಬೇಸಿಗೆಯಲ್ಲೂ ಬೆಳಗಿನ ಮಂಜು ತೋಟಗಳ ಮೇಲೆ ಕೂತಿರುತ್ತದೆ. ಚಿಲಿಯ ಸ್ಯಾನ್ ಆಂಟೋನಿಯೊ ಕಣಿವೆಯನ್ನು ಹಂಬೋಲ್ಟ್ ಶೀತಪ್ರವಾಹದ ಗಾಳಿ ತಣಿಸುತ್ತದೆ. ಅಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ: ಸಕ್ಕರೆ ಒಮ್ಮೆಲೇ ಏರುವುದಿಲ್ಲ, ಹುಳಿ ಉಳಿದುಕೊಳ್ಳುತ್ತದೆ. ಭಾರತದ ಪಶ್ಚಿಮ ಕರಾವಳಿಯ ಕಡಲು ಬೆಚ್ಚಗಿನದು, ಗಾಳಿ ತೇವದ್ದು. ಮಂಗಳೂರು, ಕಾಸರಗೋಡಿನ ಹವೆಯಲ್ಲಿ ದ್ರಾಕ್ಷಿಗೆ ಡೌನಿ, ಬೂದಿ ರೋಗಗಳೇ ಕಾಟ. ಆದ್ದರಿಂದ ಇಲ್ಲಿ ಸಿರಾ ನೆಲೆಯೂರಿದ್ದು ಒಳನಾಡಿನಲ್ಲಿ, ದಖ್ಖನ್ ಪ್ರಸ್ಥಭೂಮಿಯ ಮೇಲೆ.

ಒಳನಾಡೆಲ್ಲ ಒಂದೇ ಅಲ್ಲ. ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನ ಆದೋನಿ, ಆಲೂರು ಭಾಗ 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಹತ್ತಿಗೆ ಹೆಸರಾದ ಆದೋನಿ ಸಮುದ್ರಮಟ್ಟದಿಂದ 450 ಮೀಟರಿಗಿಂತ ತುಸು ಕಡಿಮೆ ಎತ್ತರದಲ್ಲಿದೆ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸರಿಸುಮಾರು ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ಎರಡೂರುಗಳ ನಡುವೆ ಮೂರು ಡಿಗ್ರಿ ಅಂತರ ಬರುತ್ತದೆ. ಕೇಳಲು ಸಣ್ಣದೆನಿಸಿದರೂ ಸಿರಾದ ಹುಳಿ ಮತ್ತು ಮೆಣಸಿನ ಮಟ್ಟಿಗೆ ಇದು ದೊಡ್ಡ ಅಂತರ.

ನಂದಿ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಸ್ಥಾಪಿಸಿದ ಗ್ರೋವರ್ ವೈನ್ಯಾರ್ಡ್ಸ್ (ಈಗಿನ ಗ್ರೋವರ್ ಜಂಪಾ) ಫ್ರೆಂಚ್ ತಳಿಗಳನ್ನು ಕರ್ನಾಟಕದಲ್ಲಿ ಊರಿಸಿತು. ಅದರ ಹೆಸರಾಂತ ‘ಲಾ ರಿಸರ್ವ್’ ಕ್ಯಾಬರ್ನೆ ಸೊವಿನ್ಯೊಂ ಮತ್ತು ಶಿರಾಜ್ ಬೆರೆಸಿದ ವೈನ್. ಕೊಪ್ಪಳ ಜಿಲ್ಲೆಯಲ್ಲಿ ಹೈದರಾಬಾದಿನ ಚಿಗುರುಪಾಟಿ ದಂಪತಿ ಕಟ್ಟಿದ ಕ್ರಸ್ಮಾ ಎಸ್ಟೇಟ್ಸ್ ತೋಟ ಆದೋನಿಯ ಸೀಮೆಗೆ ಇನ್ನೂ ಹತ್ತಿರ. ಒಣ ಹವೆಯಲ್ಲೂ ಒಳ್ಳೆಯ ಕೆಂಪು ವೈನ್ ಸಾಧ್ಯವೆಂದು ಅದು ತೋರಿಸಿದೆ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಹಾಗೂ ಅದರ ಬೆನ್ನಿಗೆ ಬಂದ ವೈನ್ ಮಂಡಳಿ ಕರ್ನಾಟಕದ ಬೆಳೆಗಾರರಿಗೆ ನೆರವಾದವು.

ದಖ್ಖನ್ನಿನಲ್ಲಿ ಎತ್ತರದಷ್ಟೇ ಮುಖ್ಯವಾದದ್ದು ಚಾಟ್ನಿಯ, ಅಂದರೆ ಬಳ್ಳಿ ಸವರುವ ಕಾಲ. ಇಲ್ಲಿನ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುವುದಿಲ್ಲ. ಏಪ್ರಿಲ್ ಚಾಟ್ನಿಯಲ್ಲಿ ಹಳೆಯ ಕಡ್ಡಿಗಳನ್ನು ಅವುಗಳ ಬುಡದವರೆಗೆ ಸವರಿ ಹೊಸ ಕಡ್ಡಿ ಬರಿಸುತ್ತಾರೆ. ಮಳೆ ಹಿಮ್ಮೆಟ್ಟುವ ಹೊತ್ತಿನ ಅಕ್ಟೋಬರ್ ಚಾಟ್ನಿಯಲ್ಲಿ ಆ ಕಡ್ಡಿಗಳನ್ನು ಕೆಲವೇ ಕಣ್ಣು ಉಳಿಸಿ ಕತ್ತರಿಸುತ್ತಾರೆ. ಆ ಕಣ್ಣುಗಳಿಂದ ಒಡೆಯುವ ಚಿಗುರಿನಲ್ಲೇ ಗೊಂಚಲು. ಕೊಯ್ಲು ಫೆಬ್ರವರಿ, ಮಾರ್ಚ್ ಹೊತ್ತಿಗೆ.

ಕಡಲ ತೀರದ ತೋಟಕ್ಕೂ ಇಲ್ಲಿಯದಕ್ಕೂ ನಿಜವಾದ ವ್ಯತ್ಯಾಸ ಇರುವುದು ಈ ಕಾಲಕ್ರಮದಲ್ಲೇ. ಅಲ್ಲಿ ಹಣ್ಣು ಮಾಗುವುದು ಶರತ್ಕಾಲದ ಕಡೆಗೆ, ದಿನದಿನಕ್ಕೆ ತಂಪಾಗುವ ಹವೆಯಲ್ಲಿ. ಇಲ್ಲಿ ಕಾಯಿಗಟ್ಟುವುದು ಚಳಿಯಲ್ಲಿ, ಮಾಗುವುದು ಬೇಸಿಗೆಯತ್ತ ಸಾಗುವ ಬಿಸಿಲಿನಲ್ಲಿ. ಕೊನೆಯ ವಾರಗಳಲ್ಲಿ ಸಕ್ಕರೆ ಓಡುತ್ತದೆ, ಹುಳಿ ಕರಗುತ್ತದೆ. ಆಗ ಗೊಂಚಲಿನ ಮೇಲೆ ಎಲೆಯ ನೆರಳು ಉಳಿಸುವುದು, ನಸುಕಿನಲ್ಲೇ ಕೊಯ್ದು ಹಣ್ಣು ಕಾಯುವ ಮುನ್ನ ವೈನರಿಗೆ ಮುಟ್ಟಿಸುವುದು ದೊಡ್ಡ ಕೆಲಸ. ವಾರ ತಡವಾದರೆ ಯಾವ ಪೀಪಾಯಿಯೂ ಅದನ್ನು ಸರಿಪಡಿಸಲಾರದು.

ವೈನರಿಯಲ್ಲಿ ಕಾಳುಗಳನ್ನು ಒಡೆದು ಸಿಪ್ಪೆಯ ಜೊತೆಗೇ ಹುದುಗಿಸುತ್ತಾರೆ. ಬಣ್ಣವೂ ಒಗರೂ ಮೆಣಸೂ ಬರುವುದು ಸಿಪ್ಪೆಯಿಂದ. ತಂಪು ನಾಡಿನ ಕೆಲವರು ಗೊಂಚಲನ್ನು ತೊಟ್ಟಿನ ಸಮೇತ ಹಾಕುತ್ತಾರೆ. ಇದರಿಂದ ಹಸಿರು, ಮಸಾಲೆಯ ಛಾಯೆ ಸೇರುತ್ತದೆ. ಬಳಿಕ ಓಕ್ ಪೀಪಾಯಿಯಲ್ಲಿ ಕೆಲವು ತಿಂಗಳು. ಹೊಸ ಓಕ್ ಹೆಚ್ಚಾದರೆ ಮೆಣಸು ಮುಚ್ಚಿಹೋಗಿ ವೆನಿಲಾ ಮೆರೆಯುತ್ತದೆ, ಹಾಗಾಗಿ ಹಳೆಯ ಪೀಪಾಯಿಯೇ ಇದಕ್ಕೆ ಲೇಸು.

ಕುಡಿಯುವಾಗ ಸಿರಾ 16ರಿಂದ 18 ಡಿಗ್ರಿಯಲ್ಲಿರಬೇಕು. ಆದೋನಿಯ ಬೇಸಿಗೆಯಲ್ಲಿ ಕೋಣೆಯ ಶಾಖಕ್ಕೆ ಬಿಟ್ಟರೆ ಮದ್ಯಸಾರವೊಂದೇ ಮೂಗಿಗೆ ಹೊಡೆಯುತ್ತದೆ. ಮೊದಲೇ ಫ್ರಿಜ್ಜಿನಲ್ಲಿಟ್ಟು ತಣಿಸಿದ ಬಾಟಲಿಯಲ್ಲಿ ಹಣ್ಣೂ ಮೆಣಸೂ ಬೇರೆಬೇರೆಯಾಗಿ ತಿಳಿಯುತ್ತವೆ.