ಚಕ್ರ ಬದಲಾದ ಮೇಲೆ ಒತ್ತಡಸೂಚಕ ಹೇಳುವುದೇನು?

ಕಾರಿನ ಭಾರವನ್ನು ಬಹುಮಟ್ಟಿಗೆ ಹೊರುವುದು ಟೈರಿನೊಳಗೆ ಒತ್ತಿ ತುಂಬಿದ ಗಾಳಿ. ಅದು ಕಡಿಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತವೆ. ಬಾಗುವಿಕೆಯಿಂದ ಶಾಖ ಹುಟ್ಟುತ್ತದೆ. ವೇಗವಾಗಿ ಸಾಗುವಾಗ ಆ ಶಾಖದಿಂದಲೇ ಟೈರು ಸಿಡಿಯಬಹುದು. ಟೈರುಗಳು ಕೆಟ್ಟು ಸಂಭವಿಸಿದ ಅಪಘಾತಗಳ ತರುವಾಯ, 2000ದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಶಾಸನ ಮಾಡಿ, ಹೊಸ ಕಾರುಗಳಲ್ಲಿ ಒತ್ತಡಸೂಚಕ ಬೇಕೆಂದು ವಿಧಿಸಿತು. ಯೂರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಇದು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ.

ಸ್ವೀಡನ್ನಿನಲ್ಲಿ ಚಳಿಗಾಲ ಬಂದಿತೆಂದರೆ ಜನರು ಬೇಸಗೆಯ ಚಕ್ರಗಳನ್ನು ಕಳಚಿ, ಹಿಮದ ಹಾದಿಗೆ ತಕ್ಕ ಬೇರೆ ಚಕ್ರಗಳನ್ನು ತೊಡಿಸುತ್ತಾರೆ. ಆಗ ಚಾಲಕನ ಮುಂದಿನ ಹಳದಿ ದೀಪ ಬೆಳಗುವುದುಂಟು. ಗಾಳಿ ನಿಜವಾಗಿಯೂ ಇಳಿದಿದೆಯೆ, ಅಥವಾ ಉಪಕರಣವೇ ತಪ್ಪು ಹೇಳುತ್ತಿದೆಯೆ? ಉತ್ತರಕ್ಕಾಗಿ ಉಪಕರಣದ ರೀತಿಯನ್ನು ನಾವು ಅರಿಯಬೇಕು.

ಸೂಚಕಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪ್ರತಿ ಚಕ್ರದೊಳಗೂ, ಸಾಮಾನ್ಯವಾಗಿ ವಾಲ್ವಿನ ಬುಡದಲ್ಲಿ, ಪುಟ್ಟ ಸಂವೇದಕವೊಂದಿರುತ್ತದೆ. ಅದು ಒತ್ತಡವನ್ನೂ ಉಷ್ಣತೆಯನ್ನೂ ಅಳೆದು ರೇಡಿಯೋ ಅಲೆಗಳ ಮೂಲಕ ತಿಳಿಸುತ್ತದೆ. ಯೂರೋಪಿನಲ್ಲಿ ಈ ಅಲೆಗಳ ಆವರ್ತಸಂಖ್ಯೆ ಸುಮಾರು 433 ಮೆಗಾಹರ್ಟ್ಸ್. ಅಮೆರಿಕದಲ್ಲಿ ಹೆಚ್ಚಾಗಿ 315. ಪಕ್ಕದ ಕಾರಿನ ಸಂದೇಶವೂ ಅದೇ ಆವರ್ತದಲ್ಲಿ ಬರುವುದರಿಂದ, ಪ್ರತಿ ಸಂವೇದಕಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆಯಿದೆ. ಎರಡನೆಯ ಬಗೆಯಲ್ಲಿ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯಿಳಿದ ಟೈರಿನ ತ್ರಿಜ್ಯ ತುಸು ಕುಗ್ಗಿ, ಆ ಚಕ್ರ ಉಳಿದವುಗಳಿಗಿಂತ ಬೇಗ ತಿರುಗುತ್ತದೆ. ಈ ವ್ಯತ್ಯಾಸದಿಂದ ಗಾಳಿಯ ಕೊರತೆಯನ್ನು ಊಹಿಸಲಾಗುತ್ತದೆ.

ದೀಪ ಬೆಳಗಿದಾಗ ಮೊದಲು ಮಾಡತಕ್ಕದ್ದು, ತಣ್ಣಗಿರುವ ನಾಲ್ಕು ಟೈರುಗಳನ್ನೂ ಕೈಮಾಪಕದಿಂದ ಅಳೆಯುವುದು. ಕೊರತೆ ನಿಜವಾಗಿರಬಹುದು. 20 ಡಿಗ್ರಿ ಸೆಂಟಿಗ್ರೇಡಿನ ಬೆಚ್ಚನೆಯ ಕೊಠಡಿಯಲ್ಲಿ ಮಾಪಕವು 2.3 ಬಾರ್ ತೋರುವಂತೆ ಗಾಳಿ ತುಂಬಿದೆವೆನ್ನೋಣ. ಹೊರಗಿನ ವಾಯುಭಾರವಾದ 1 ಬಾರನ್ನು ಕೂಡಿಸಿದರೆ ನಿಜವಾದ ಒತ್ತಡ 3.3. ಕಾರು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಬಯಲಿನಲ್ಲಿ ರಾತ್ರಿ ನಿಂತರೆ ಗಾಳಿಯ ನಿರಪೇಕ್ಷ ಉಷ್ಣತೆ 293ರಿಂದ 263ಕ್ಕೆ ಇಳಿಯುತ್ತದೆ. ಒತ್ತಡವೂ ಅದೇ ಪ್ರಮಾಣದಲ್ಲಿ ಕುಗ್ಗಿ 2.96 ಆಗುತ್ತದೆ, ಮಾಪಕ ತೋರುವುದು 1.96 ಮಾತ್ರ. ರಂಧ್ರವಿಲ್ಲದೆಯೇ ಸುಮಾರು ಏಳನೆಯ ಒಂದು ಭಾಗ ಮಾಯವಾಯಿತು! ಇಲ್ಲಿ ಬೇಕಾದದ್ದು ಗಾಳಿ.

ಮಾಪಕದ ಅಂಕಿ ಸರಿಯಿದ್ದರೆ ದೋಷ ಸಂದೇಶದಲ್ಲಿದೆ. ಅನೇಕ ಕಾರುಗಳಲ್ಲಿ ದೀಪ ಸ್ಥಿರವಾಗಿ ಬೆಳಗಿದರೆ ಗಾಳಿಯ ಕೊರತೆಯೆಂದೂ, ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಸ್ಥಿರವಾದರೆ ಉಪಕರಣದ ದೋಷವೆಂದೂ ಅರ್ಥ. ಹೊಸ ಚಕ್ರದಲ್ಲಿ ಸಂವೇದಕವೇ ಇಲ್ಲದಿರಬಹುದು, ಅದರ ಸಂಖ್ಯೆಯನ್ನು ಕಾರಿಗೆ ಪರಿಚಯಿಸದಿರಬಹುದು, ಆವರ್ತ ಬೇರೆಯಾಗಿರಬಹುದು, ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುವ ಬ್ಯಾಟರಿ ಮುಗಿದಿರಬಹುದು. ನಿಂತ ಚಕ್ರದ ಸಂವೇದಕಗಳು ಬ್ಯಾಟರಿ ಉಳಿಸಲು ಬಹುಮಟ್ಟಿಗೆ ಮೌನವಾಗಿರುವುದರಿಂದ, ಸ್ವಲ್ಪ ದೂರ ಓಡಿಸಿ ನೋಡಿದ ಹೊರತು ತೀರ್ಮಾನ ಸಲ್ಲದು. ಎರಡನೆಯ ಬಗೆಯ ಕಾರಿನಲ್ಲಾದರೆ, ಗಾಳಿಯನ್ನು ಸರಿಪಡಿಸಿದ ಮೇಲೆ ಹೊಸ ಚಕ್ರಗಳ ವೇಗವನ್ನೇ ಆಧಾರವಾಗಿಟ್ಟುಕೊಳ್ಳುವಂತೆ ಉಪಕರಣಕ್ಕೆ ಸೂಚಿಸಬೇಕು.

ಇವೆಲ್ಲಕ್ಕಿಂತ ಅಪಾಯಕರವಾದುದು ಸ್ಥಾನಪಲ್ಲಟ. ಮುಂದಿನ ಚಕ್ರವನ್ನು ಹಿಂದಕ್ಕೆ ಹಾಕಿದಾಗ ಕೆಲವು ಕಾರುಗಳು ಹಳೆಯ ಸ್ಥಾನವನ್ನೇ ನಂಬಿರುತ್ತವೆ. ಹಿಂದಿನ ಚಕ್ರ ಸೊರಗಿದರೆ ಫಲಕವು ಮುಂದಿನದನ್ನು ತೋರಿಸುತ್ತದೆ. ಅದನ್ನು ನಂಬಿದ ಚಾಲಕ ಸರಿಯಿದ್ದ ಟೈರಿಗೆ ಗಾಳಿ ತುಂಬುತ್ತಾನೆ; ಸೊರಗಿದ ಟೈರು ಹಾಗೆಯೇ ಹೆದ್ದಾರಿಗೆ ಹೋಗುತ್ತದೆ. ಅಂಕಿ ಸರಿ, ಹೆಸರು ತಪ್ಪು!

ಒಂದು ಉಪಕರಣದ ಮಾತನ್ನು ಇನ್ನೊಂದರಿಂದ ತಾಳೆ ನೋಡಬೇಕೆಂಬುದು ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಮೊದಲ ಪಾಠ. ರಸ್ತೆಯ ಮೇಲೆ ಆ ಪಾಠಕ್ಕೆ ಪ್ರಾಣದ ಬೆಲೆಯಿದೆ.